ನೆಲವೂ ಡೊಂಕಿರುತ್ತದೆ

ಮೂಕಿ ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಆದ್ದರಿಂದ ವಿವರಣೆಯ ಹಂಗೂ ಇಲ್ಲ ಎಂಬ ಮಾತೊಂದು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಸಿನಿಮಾ ಬಲ್ಲವರು ಎನಿಸಿಕೊಂಡವರು ಇದನ್ನು ಗಾದೆಯಷ್ಟೇ ಸಲೀಸಾಗಿ ಹೇಳುತ್ತಾರೆ. "ಅರ್ಥ ಹುಡುಕಬೇಡಿ. ಸುಮ್ಮನೆ ನೋಡಿ. ಅನುಭವಿಸಿ." ಚಾಪ್ಲಿನ್‌ನ ಮಟ್ಟಿಗೆ ಈ ಮಾತು ಅಷ್ಟಿಷ್ಟು ಸಲ್ಲಬಹುದು. ಜಾರಿ ಬಿದ್ದವನು ಎಲ್ಲ ದೇಶದಲ್ಲೂ ಒಂದೇ ರೀತಿ ಬೀಳುತ್ತಾನೆ, ನೋಡಿದವರು ಒಂದೇ ರೀತಿ ನಗುತ್ತಾರೆ. ಆದರೆ 1920ರ ದಶಕದಲ್ಲಿ ಫ್ರಾನ್ಸ್, ಜಪಾನ್, ಸೋವಿಯತ್ ದೇಶಗಳಲ್ಲಿ ಕೆಲವರು ಕಥೆ ಹೇಳುವ ರೂಢಿಯ ದಾರಿ ಬಿಟ್ಟು, ಕ್ಯಾಮೆರಾ ಕೈಯಲ್ಲಿ ಏನೇನು ಮಾಡಿಸಬಹುದೆಂದು ಪರೀಕ್ಷಿಸಿ ತೆಗೆದ ಪ್ರಯೋಗದ ಚಿತ್ರಗಳಿಗೆ ಈ ಮಾತು ಸಲ್ಲುವುದಿಲ್ಲ. ಅಲ್ಲಿ ಇದು ಸುಳ್ಳು. ಬರೀ ಸುಳ್ಳಲ್ಲ, ಕೆಲವರಿಗೆ ಅನುಕೂಲವಾದ ಸುಳ್ಳು.

ಯಾರಿಗೆ ಅನುಕೂಲ? ನೋಡಿದ ಚಿತ್ರ ಅರ್ಥವಾಗಲಿಲ್ಲವೆಂದು ನಾವು ಹೇಳಿದ ಕೂಡಲೇ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುವವರಿಗೆ. ಆ ಗಾದೆಯಲ್ಲಿ ಕುಣಿಯಲು ಬಾರದವಳು ಯಾವಾಗಲೂ ಹೆಂಗಸೇ ಏಕೆ ಎಂಬುದು ಹಾಗಿರಲಿ. ನೆಲವನ್ನು ಒಮ್ಮೆ ಬಗ್ಗಿ ನೋಡಿದವರು ಯಾರಾದರೂ ಇದ್ದಾರೆಯೇ? ಕೆಲವು ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ನೂರು ವರ್ಷ ಹಳೆಯ ಚಿತ್ರವೊಂದನ್ನು ಅದರ ಕಾಲದಿಂದ, ಅದರ ಊರಿನಿಂದ, ಅದರ ಕಾಯಿದೆ ಕಟ್ಟಳೆಗಳಿಂದ ಕಿತ್ತು ತಂದು ನಮ್ಮೆದುರು ಇಟ್ಟರೆ ಡೊಂಕಾದದ್ದು ನಮ್ಮ ಬುದ್ಧಿಯಲ್ಲ, ಇಟ್ಟ ರೀತಿ.

ನಮ್ಮ ಕಡೆಯ ಊರೊಂದರ ಚಿತ್ರಸಮಾಜದಲ್ಲಿ ಜರ್ಮೇನ್ ದ್ಯುಲಾಕ್ ಎಂಬ ಫ್ರೆಂಚ್ ನಿರ್ದೇಶಕಿಯ 'ನಗುಮೊಗದ ಮದಾಮ್ ಬ್ಯೂದೆ' ತೋರಿಸಿದ್ದರು. 1923ರ ಚಿತ್ರ, ಮುಕ್ಕಾಲು ಗಂಟೆಗಿಂತ ಕಡಿಮೆ. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಎದ್ದು, "ಅಷ್ಟು ಹಿಂಸೆಯಾಗುತ್ತಿದ್ದರೆ ಆಕೆ ಆ ಗಂಡನನ್ನು ಬಿಟ್ಟು ಹೋಗಬಾರದಿತ್ತೇ?" ಎಂದು ಕೇಳಿದಳು. ಮುಂದಿನ ಸಾಲಿನಲ್ಲಿ ಸಣ್ಣಗೆ ನಗು ಹುಟ್ಟಿತು. ಮಾತಾಡಲು ಬಂದಿದ್ದ ಮಹನೀಯರು, "ನೋಡಿ ತಾಯಿ, ಇದು ಧಾರಾವಾಹಿಯಲ್ಲ. ಇಲ್ಲಿ ಮುಖ್ಯವಾದದ್ದು ದೃಶ್ಯದ ಲಯ" ಎಂದರು. ಆಕೆ ಕೂತುಬಿಟ್ಟಳು. ಮತ್ತೆ ಯಾವ ಹೆಂಗಸೂ ಏಳಲಿಲ್ಲ.

ಆ ಸಂಜೆ ಆ ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಅತ್ಯಂತ ಸರಿಯಾದ ಪ್ರಶ್ನೆ ಅದೊಂದೇ ಎಂದು ನಾನು ವಾದಿಸಲು ಹೊರಟಿದ್ದೇನೆ.

ಮೊದಲು ನಮ್ಮದೇ ಮನೆಯ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಹಳೆಯ ಕಾಲದ ತೊಟ್ಟಿ ಮನೆ. ಹಿತ್ತಲ ಬಾಗಿಲ ಮೂಲೆಯಲ್ಲಿ ಒಬ್ಬ ಸೊಸೆ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಒಳಗಿನಿಂದ ಒಂದು ಕೈ ಬಂದು ಮೇಲಿನಿಂದಲೇ ಅನ್ನ ಬಡಿಸಿ ಹೋಗುತ್ತದೆ. ಮಾತಿಲ್ಲ, ಅಕ್ಷರವಿಲ್ಲ. ನಮ್ಮಲ್ಲಿ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕೇ? ಆಕೆ ಎಷ್ಟು ದಿನ ಹಾಗೆ ಕೂರಬೇಕು, ಏನನ್ನು ಮುಟ್ಟಬಾರದು, ಎಳೆ ಮಗು ಅತ್ತರೆ ಏನಾಗುತ್ತದೆ, ಎಲ್ಲವೂ ಒಂದು ನೋಟದಲ್ಲಿ ನಮಗೆ ಗೊತ್ತು. ಇದೇ ಚಿತ್ರವನ್ನು ಪ್ಯಾರಿಸ್ಸಿನ ರಸಿಕರೊಬ್ಬರಿಗೆ ತೋರಿಸಿ. ಹಿತ್ತಲ ಬಾಗಿಲಿನ ಬೆಳಕು, ಕಂಬದ ನೆರಳು, ಹಿತ್ತಾಳೆಯ ಹೊಳಪು, ಇವನ್ನು ಅವರು ಮನಸಾರೆ ಮೆಚ್ಚಿಯಾರು. ದೃಶ್ಯದ ಲಯ ಎಂದಾರು. ಅವರು ನೋಡಿದ್ದು ಸುಳ್ಳಲ್ಲ. ಆದರೆ ಚಿತ್ರದಲ್ಲಿ ಇದ್ದದ್ದನ್ನು ಅವರು ನೋಡಲೇ ಇಲ್ಲ. ಅವರಿಗೂ ಆ ಹೆಂಗಸಿಗೂ ನಡುವೆ ಬೇಕಾಗಿದ್ದದ್ದು ರಸಿಕತೆಯಲ್ಲ, ನಾಲ್ಕು ವಾಕ್ಯದ ತಿಳುವಳಿಕೆ.

ಈಗ ಮದಾಮ್ ಬ್ಯೂದೆಯ ಮನೆಗೆ ಹೋಗೋಣ. ಫ್ರಾನ್ಸಿನ ಒಂದು ಸಣ್ಣ ಊರು. ಗಂಡ ಬಟ್ಟೆ ವ್ಯಾಪಾರಿ. ಹೊಡೆಯುವವನಲ್ಲ, ಕುಡಿಯುವವನಲ್ಲ, ಊರಿನ ಕಣ್ಣಿಗೆ ಸಭ್ಯಸ್ಥ. ಅವನದೊಂದು ತಮಾಷೆಯಿದೆ: ಮಾತು ಮಾತಿಗೆ ಮೇಜಿನ ಡ್ರಾಯರಿನಿಂದ ಗುಂಡಿಲ್ಲದ ಪಿಸ್ತೂಲು ತೆಗೆದು ತಲೆಗೆ ಹಿಡಿದುಕೊಂಡು, ಸತ್ತೇ ಹೋಗುತ್ತೇನೆ ಎಂದು ನಟಿಸಿ ನಗುವುದು. ಮೇಜಿನ ಮೇಲಿನ ಹೂದಾನಿ ನಟ್ಟನಡುವೆ ಇರಬೇಕು ಅವನಿಗೆ, ಕೊಂಚ ಬದಿಗಿರಬೇಕು ಇವಳಿಗೆ. ಅವನು ನಡುವಿಗೆ ತಂದಿಡುತ್ತಾನೆ, ಇವಳು ಬದಿಗೆ ಸರಿಸುತ್ತಾಳೆ. ಇವಳಿಗೆ ಪಿಯಾನೊ ಎಂದರೆ ಪ್ರಾಣ. ಒಂದು ಸಂಜೆ ಇವಳು ಅವನ ಜೊತೆ ನಾಟಕಕ್ಕೆ ಬರುವುದಿಲ್ಲವೆಂದಾಗ ಅವನು ಪಿಯಾನೊಕ್ಕೆ ಬೀಗ ಹಾಕಿ ಬೀಗದ ಕೈ ಜೇಬಿಗಿಳಿಸಿಕೊಂಡು ಹೋಗುತ್ತಾನೆ. ಆ ರಾತ್ರಿ ಇವಳು ಆ ಪಿಸ್ತೂಲಿಗೆ ಗುಂಡು ತುಂಬುತ್ತಾಳೆ.

ಬೆಳಗಾದ ಮೇಲೆ ಇವಳಿಗೆ ಭಯ, ಪಶ್ಚಾತ್ತಾಪ. ಗುಂಡು ತೆಗೆಯಲು ಹೋದರೆ ಆಗುವುದಿಲ್ಲ. ಗಂಡ ಎಂದಿನಂತೆ ತಮಾಷೆಗೆ ಪಿಸ್ತೂಲು ಎತ್ತುತ್ತಾನೆ, ಆದರೆ ಈ ಸಲ ಇವಳತ್ತ ಗುರಿಯಿಟ್ಟು. ಗುಂಡು ಹಾರುತ್ತದೆ, ತಗಲುವುದಿಲ್ಲ. ಅವನು ಓಡಿ ಬಂದು ಇವಳನ್ನು ತಬ್ಬಿಕೊಳ್ಳುತ್ತಾನೆ. ಅಯ್ಯೋ, ಇವಳು ತಾನೇ ಸಾಯಲು ಹೊರಟಿದ್ದಳು ಎಂದು ಅವನ ತಿಳುವಳಿಕೆ! ಇವಳು ಅವನನ್ನು ಕೊಲ್ಲಲು ಯೋಚಿಸಿರಬಹುದೆಂಬ ಊಹೆ ಕೂಡ ಆ ತಲೆಗೆ ಹೊಳೆಯುವುದಿಲ್ಲ. ಕೊನೆಗೆ ಇಬ್ಬರೂ ಊರಿನ ಬೀದಿಯಲ್ಲಿ ಜೊತೆಯಾಗಿ ನಡೆದು ಹೋಗುತ್ತಾರೆ. ಅಷ್ಟೇ.

ಇಷ್ಟನ್ನೇ ನೋಡಿದರೆ, ಹೌದು, ಬಿಟ್ಟು ಹೋಗಬಾರದಿತ್ತೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಚಿತ್ರದೊಳಗಿಲ್ಲ, ಆ ಕಾಲದ ಫ್ರೆಂಚ್ ಕಾಯಿದೆ ಪುಸ್ತಕದಲ್ಲಿದೆ. ನೆಪೋಲಿಯನ್ 1804ರಲ್ಲಿ ತಂದ ಸಂಹಿತೆಯ ಪ್ರಕಾರ ಗಂಡ ಹೆಂಡತಿಗೆ ರಕ್ಷಣೆ ಕೊಡತಕ್ಕದ್ದು, ಹೆಂಡತಿ ಗಂಡನಿಗೆ ವಿಧೇಯಳಾಗಿರತಕ್ಕದ್ದು. ವಿಧೇಯತೆಯ ಈ ಮಾತು ಕಾಯಿದೆಯಿಂದ ಹೋದದ್ದು 1938ರಲ್ಲಿ. ವಿಚ್ಛೇದನ 1884ರಿಂದ ಇತ್ತು ನಿಜ. ಆದರೆ ವ್ಯಭಿಚಾರ, ಕ್ರೌರ್ಯ, ಘೋರ ಅವಮಾನ ಇಂಥ ಅಪರಾಧವೊಂದನ್ನು ಸಾಬೀತು ಮಾಡಬೇಕಿತ್ತು. ಇಬ್ಬರೂ ಒಪ್ಪಿ ಬಿಡುಗಡೆಯಾಗುವ ದಾರಿ ತೆರೆದದ್ದು 1975ರಲ್ಲಿ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಬ್ಯಾಂಕಿನಲ್ಲಿ ಖಾತೆ ತೆರೆಯುವ, ಉದ್ಯೋಗ ಹಿಡಿಯುವ ಹಕ್ಕು ಪೂರ್ತಿಯಾಗಿ ಬಂದದ್ದು 1965ರ ಕಾಯಿದೆಯಿಂದ. ಮತದಾನ? ಕೆಳಮನೆ ಒಪ್ಪಿದ್ದ ಮಸೂದೆಯನ್ನು ಸೆನೆಟ್ಟಿನ ಹಿರಿಯರು 1922ರ ನವೆಂಬರಿನಲ್ಲಿ ತಿರಸ್ಕರಿಸಿದರು. ಅದಾದ ಒಂದು ವರ್ಷಕ್ಕೆ ಈ ಚಿತ್ರ ತೆರೆಗೆ ಬಂತು. ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ, ಮೊದಲ ಸಲ ಮತ ಹಾಕಿದ್ದು 1945ರಲ್ಲಿ.

ಈಗ ಹೇಳಿ, ಆಕೆ ಯಾವ ಅಪರಾಧವನ್ನು ಸಾಬೀತು ಮಾಡುವುದು? ನನ್ನ ಗಂಡ ಹೂದಾನಿಯನ್ನು ಮೇಜಿನ ನಡುವೆ ಇಡುತ್ತಾನೆ ಎಂದೇ? ಪಿಯಾನೊಕ್ಕೆ ಬೀಗ ಹಾಕಿದ ಎಂದೇ? ಅವನು ಜೋರಾಗಿ ನಗುತ್ತಾನೆ ಎಂದೇ? ಯಾವ ನ್ಯಾಯಾಧೀಶ ಕೇಳಿಯಾನು? ದ್ಯುಲಾಕ್ ಅವರ ಜಾಣತನವಿರುವುದು ಇಲ್ಲಿ. ಹೊಡೆತ ಬಡಿತದ ಗಂಡನನ್ನು ತೋರಿಸಿದ್ದರೆ ಕಾಯಿದೆಗೆ ಒಂದು ಉತ್ತರವಿತ್ತು. ಕಾಯಿದೆಗೆ ಕಾಣದ ಹಿಂಸೆಯನ್ನು ಅವರು ಆರಿಸಿಕೊಂಡರು, ಆದ್ದರಿಂದಲೇ ಅದನ್ನು ಕಾಣಿಸಲು ಕ್ಯಾಮೆರಾಕ್ಕೆ ಹೊಸ ಕಣ್ಣು ಕೊಡಬೇಕಾಯಿತು. ಗಂಡನ ಮುಖ ವಕ್ರವಾಗಿ ಉಬ್ಬಿಕೊಂಡು ತೆರೆ ತುಂಬುತ್ತದೆ. ಪತ್ರಿಕೆಯಲ್ಲಿದ್ದ ಟೆನಿಸ್ ಆಟಗಾರನೊಬ್ಬ ಜೀವ ತಳೆದು ಬಂದು ಗಂಡನನ್ನು ಎತ್ತಿಕೊಂಡು ಹೋಗುತ್ತಾನೆ. ಮಹನೀಯರು ದೃಶ್ಯದ ಲಯ ಎಂದದ್ದು ಇವುಗಳನ್ನು. ನಾನು ಇವುಗಳನ್ನು ಸಾಕ್ಷ್ಯ ಎನ್ನುತ್ತೇನೆ. ಯಾವ ಕೋರ್ಟಿನಲ್ಲೂ ನಡೆಯದ ಸಾಕ್ಷ್ಯ.

ಹಿಂದಿನ ಸಾಲಿನ ಆ ಪ್ರಶ್ನೆ ಧಾರಾವಾಹಿಯ ಪ್ರಶ್ನೆಯಾಗಿರಲಿಲ್ಲ. ಅದು ಚರಿತ್ರೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಿದ್ದರೆ ಲಯವೂ ಅರ್ಥವಾಗುತ್ತಿತ್ತು.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಸಿನಿಮಾ ಕಥೆಯ, ನಾಟಕದ ಹಂಗು ತೊರೆದು ಬೆಳಕು ಮತ್ತು ಚಲನೆಯ ಶುದ್ಧ ಕಲೆಯಾಗಬೇಕು, ಕಣ್ಣಿಗೆ ಸಂಗೀತವಾಗಬೇಕು ಎಂದು ವಾದಿಸಿದವರಲ್ಲಿ ಸ್ವತಃ ದ್ಯುಲಾಕ್ ಅವರೇ ಮುಂಚೂಣಿಯಲ್ಲಿದ್ದರು. ಅವರೇ ಹಾಗೆಂದ ಮೇಲೆ ಕಾಯಿದೆ ಪುಸ್ತಕ ಬಿಚ್ಚಲು ನೀನ್ಯಾರು ಎಂದು ಕೇಳಬಹುದು. ಆದರೆ ಆ ವಾದವೂ ಆಕಾಶದಿಂದ ಉದುರಿದ್ದಲ್ಲ. ಸಿನಿಮಾ ಎಂದರೆ ಜಾತ್ರೆಯ ಆಟ, ಇಲ್ಲವೇ ಫೋಟೊ ಹಿಡಿದ ನಾಟಕ ಎಂದು ದೊಡ್ಡವರು ಮೂಗು ಮುರಿಯುತ್ತಿದ್ದ ಕಾಲವದು. ಸಿನಿಮಾಕ್ಕೆ ಸ್ವಂತ ಪೀಠ ಬೇಕೆಂದು ಹೋರಾಡಿದವರು ಶುದ್ಧ ಎಂಬ ಪದವನ್ನು ಆಯುಧದಂತೆ ಹಿಡಿದರು. ಅದನ್ನೇ ನಮ್ಮವರು ಮಡಿಬಟ್ಟೆ ಮಾಡಿಕೊಂಡಿದ್ದಾರೆ. ಇನ್ನೂ ಒಂದು ಮಾತು. ದ್ಯುಲಾಕ್ 'ಲಾ ಫ್ರಾನ್ಸೇಸ್' ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ಬರೆಯುತ್ತಿದ್ದವರು, ಮುಂದೆ ಫ್ರಾನ್ಸಿನ ಚಿತ್ರಸಮಾಜಗಳ ಚಳವಳಿಯಲ್ಲಿ ದುಡಿದವರು, ಚಿತ್ರಗಳ ತುಣುಕು ತೋರಿಸುತ್ತ ಉಪನ್ಯಾಸ ಕೊಟ್ಟವರು. ಶುದ್ಧ ಸಿನಿಮಾದ ಪರ ನಿಂತ ಆ ಹೆಂಗಸು ಪ್ರೇಕ್ಷಕರಿಗೆ ಸುಮ್ಮನೆ ನೋಡಿ ಎಂದು ಬಿಟ್ಟುಬಿಡಲಿಲ್ಲ. ಕೂರಿಸಿಕೊಂಡು ಮಾತಾಡಿದರು.

ಅವರ ಹೆಸರಿಗೆ ಆದದ್ದೇನು ನೋಡಿ. 1928ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಅವರ 'ಚಿಪ್ಪು ಮತ್ತು ಪಾದ್ರಿ' ಎಂಬ ಕನಸಿನಂಥ ಚಿತ್ರದ ಮೊದಲ ಪ್ರದರ್ಶನ. ಅದರ ಚಿತ್ರಕಥೆ ಬರೆದವರು ಆಂತೊನಾಂ ಆರ್ತೊ. ಸರ್ರಿಯಲಿಸ್ಟ್ ಗುಂಪಿನ ಗಂಡಸರು ಸಭೆಯಲ್ಲೇ ನಿರ್ದೇಶಕಿಯ ಮೇಲೆ ಬೈಗುಳ ಸುರಿಸಿದರು. ಬ್ರಿಟಿಷ್ ಸೆನ್ಸಾರ್ ಮಂಡಳಿ ಅದೇ ಚಿತ್ರವನ್ನು ತಡೆಹಿಡಿದದ್ದು ಇನ್ನೂ ಸೊಗಸು. ಇದಕ್ಕೆ ಅರ್ಥವೇ ಇದ್ದಂತಿಲ್ಲ, ಇದ್ದರೆ ಅದು ಖಂಡಿತ ಆಕ್ಷೇಪಾರ್ಹ ಎಂಬುದು ಅವರ ತೀರ್ಪಿನ ಸಾರಾಂಶ! ಮರುವರ್ಷ 1929ರಲ್ಲಿ ಬುನ್ಯುಯೆಲ್ ಮತ್ತು ದಾಲಿ ಇಬ್ಬರೂ ಸೇರಿ ಮಾಡಿದ ಚಿತ್ರ ಬಂತು. ಬಹಳ ಕಾಲ ಸಿನಿಮಾ ಚರಿತ್ರೆಗಳು ಮೊದಲ ಸರ್ರಿಯಲಿಸ್ಟ್ ಚಿತ್ರವೆಂದು ಮಣೆ ಹಾಕಿದ್ದು ಅದಕ್ಕೆ. ಇಸವಿ ನೋಡುವಷ್ಟು ಚರಿತ್ರೆಯೂ ಬೇಡವೆಂದರೆ ಆಗುವುದು ಇದೇ. ಅಳಿಸಿಹೋಗುವ ಹೆಸರು ಯಾವಾಗಲೂ ಒಂದೇ ಕಡೆಯದು.

ಚಿತ್ರ ಕಷ್ಟವಾಗಿದ್ದರೆ ಅದು ಆಳವಾಗಿದೆ ಎಂಬ ಇನ್ನೊಂದು ಮೂಢನಂಬಿಕೆಯೂ ನಮ್ಮಲ್ಲಿದೆ. ಇದಕ್ಕೆ ಜಪಾನಿನ ಉದಾಹರಣೆ ಸಾಕು. ಟೈನೊಸುಕೆ ಕಿನುಗಾಸಾ 1926ರಲ್ಲಿ 'ಹುಚ್ಚಿನ ಒಂದು ಪುಟ' ಎಂಬ ಚಿತ್ರ ಮಾಡಿದರು. ಕಥೆಯ ಹಿಂದೆ ಇದ್ದವರಲ್ಲಿ ಮುಂದೆ 1968ರಲ್ಲಿ ನೊಬೆಲ್ ಪಡೆದ ಯಸುನಾರಿ ಕವಾಬಾತ ಒಬ್ಬರು. ಮೂಕಿ ಚಿತ್ರಗಳಲ್ಲಿ ನಡುನಡುವೆ ಬರುವ ಅಕ್ಷರದ ಫಲಕ ಇದರಲ್ಲಿ ಒಂದೂ ಇಲ್ಲ. ಹುಚ್ಚಾಸ್ಪತ್ರೆ, ಮಳೆ, ಸರಳುಗಳ ಹಿಂದೆ ಕುಣಿಯುವ ಹೆಣ್ಣು, ಒಂದರ ಮೇಲೊಂದು ಬಂದು ಬೀಳುವ ಬಿಂಬಗಳು. ನೋಡಿದವರಿಗೆ ತಲೆ ಗಿರ್ರೆನ್ನುತ್ತದೆ. ಪಂಡಿತರು ಹುಚ್ಚಿನ ಅನುಭವವೇ ಇದು ಎಂದು ತಲೆದೂಗುತ್ತಾರೆ.

ಸಂಗತಿ ಏನೆಂದರೆ, ಆ ಕಾಲದ ಜಪಾನಿನಲ್ಲಿ ಮೂಕಿ ಚಿತ್ರವನ್ನು ಯಾರೂ ಮೌನದಲ್ಲಿ ನೋಡುತ್ತಿರಲಿಲ್ಲ. ತೆರೆಯ ಪಕ್ಕದಲ್ಲಿ ಬೆನ್‌ಶಿ ಎಂಬ ನಿರೂಪಕ ನಿಂತು ಕಥೆ ಹೇಳುತ್ತಿದ್ದ, ಪಾತ್ರಗಳ ಮಾತಾಡುತ್ತಿದ್ದ. ನಮ್ಮ ಭಾಗವತರ ಹಾಗೆ ಅನ್ನಿ. ಈ ಚಿತ್ರವೂ ಅವನ ಮಾತಿನ ಜೊತೆಯಲ್ಲೇ ತೆರೆ ಕಂಡದ್ದು. ಆಮೇಲೆ ಪ್ರತಿ ಕಳೆದುಹೋಗಿ, ಕಿನುಗಾಸಾ ಅವರದೇ ಉಗ್ರಾಣದಲ್ಲಿ 1971ರಲ್ಲಿ ಸಿಕ್ಕಿತು. ಸಿಕ್ಕ ಪ್ರತಿ ಮೊದಲಿನಷ್ಟು ಉದ್ದವಿಲ್ಲ. ಅಂದರೆ ಭಾಗವತನಿಲ್ಲದೆ, ಪ್ರಸಂಗದ ಹಾಳೆ ಹರಿದ ಮೇಲೆ ಉಳಿದ ಕುಣಿತವನ್ನು ನಾವು ನೋಡುತ್ತಿದ್ದೇವೆ. ಅಲ್ಲಿನ ಕಷ್ಟದಲ್ಲಿ ಎಷ್ಟು ಪಾಲು ಕಲೆಯದು, ಎಷ್ಟು ಪಾಲು ಕಳೆದುಹೋದದ್ದರದು?

ಕಥೆ ತಿಳಿದ ಮೇಲೆ ಆ ಚಿತ್ರ ನಮ್ಮ ಮನೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಗಂಡ ನಾವಿಕನಾಗಿದ್ದಾಗ ಹೆಂಡತಿಯನ್ನು ನೋಯಿಸಿದವನು. ಅವಳು ಎಳೆ ಮಗುವಿನೊಂದಿಗೆ ನೀರಿಗೆ ಬಿದ್ದಳು, ಮಗು ಸತ್ತಿತು, ಇವಳಿಗೆ ಬುದ್ಧಿ ಕೆಟ್ಟಿತು. ಈಗ ಅವನು ಅದೇ ಆಸ್ಪತ್ರೆಯಲ್ಲಿ ಆಳಾಗಿ ಸೇರಿ ಅವಳ ಹತ್ತಿರ ಇದ್ದಾನೆ. ಹೊರಗೆ ಮಗಳಿಗೆ ಮದುವೆ ಗೊತ್ತಾಗಿದೆ. ತಾಯಿಗೆ ಹುಚ್ಚು ಎಂದು ಬೀಗರಿಗೆ ತಿಳಿದರೆ? ಈ ಒಂದು ಪ್ರಶ್ನೆಯ ಭಾರ ಎಷ್ಟೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದರ ಜೊತೆ, ಮದುವೆಗೆ ಮನೆತನದ ಯಜಮಾನನ ಒಪ್ಪಿಗೆ ಬೇಕೆನ್ನುತ್ತಿದ್ದ 1898ರ ಜಪಾನೀ ಕಾಯಿದೆಯನ್ನೂ, ಬುದ್ಧಿ ಕೆಟ್ಟವರನ್ನು ಮನೆಯಲ್ಲೇ ಕೂಡಿಹಾಕಲು ಅವಕಾಶ ಕೊಟ್ಟಿದ್ದ 1900ರ ಕಾಯಿದೆಯನ್ನೂ ಸೇರಿಸಿ ನೋಡಿ. ಸರಳುಗಳ ಹಿಂದಿನ ಆ ಕುಣಿತ ಸುಂದರ ಬಿಂಬವಾಗಿ ಮಾತ್ರ ಉಳಿಯುವುದಿಲ್ಲ.

ಇನ್ನು ನಗು ತರಿಸುವ ಓಟದ ವಿಷಯ. ಹಳೆಯ ಚಿತ್ರಗಳಲ್ಲಿ ಜನ ಗೊಂಬೆಗಳಂತೆ ಪಟಪಟ ಓಡುತ್ತಾರಲ್ಲ, ಅದು ಆ ಕಾಲದ ಪೆದ್ದುತನವಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ವೇಗ ಒಂದೇ ಸಮ ಇರಲಿಲ್ಲ. ಸೆಕೆಂಡಿಗೆ 16 ಚೌಕಟ್ಟಿನಂತೆ ತೆಗೆದದ್ದನ್ನು ಟಾಕಿ ಬಂದ ಮೇಲೆ ರೂಢಿಯಾದ 24ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಓಡುತ್ತದೆ. ದುಃಖಿಸುವ ಹೆಂಗಸೂ ಕೋಡಂಗಿಯಾಗುತ್ತಾಳೆ. ಸಂಗೀತವೂ ಹಾಗೆಯೇ. ಮೂಕಿ ಚಿತ್ರ ಮಂದಿರಗಳಲ್ಲಿ ವಾದ್ಯಗಳ ಜೊತೆಯಲ್ಲೇ ನಡೆಯುತ್ತಿತ್ತು. ಇಂದು ಫೋನಿನಲ್ಲಿ ಯಾರೋ ಅಂಟಿಸಿದ ಯಾವುದೋ ಸಂಗೀತದೊಂದಿಗೆ ನೋಡಿ, ಹಳೆಯದು ಬೇಜಾರು ಎಂದು ಬೆರಳು ಸರಿಸುತ್ತೇವೆ. ನೆಲ ಡೊಂಕಿರುವುದು ಇಲ್ಲಿಯೂ.

ಕೊನೆಯ ಉದಾಹರಣೆ, ಎಲ್ಲಕ್ಕಿಂತ ಹೆಸರಾದದ್ದು. ಜಿಗಾ ವೆರ್ಟೊವ್ ಅವರ 1929ರ 'ಕ್ಯಾಮೆರಾ ಹಿಡಿದ ಮನುಷ್ಯ'. ಕಥೆಯಿಲ್ಲ, ನಟರಿಲ್ಲ, ಅಕ್ಷರದ ಫಲಕವಿಲ್ಲ. ಸೋವಿಯತ್ ನಗರಗಳ ಒಂದು ದಿನ. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿ ಮಾಡಿದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಇದಕ್ಕೆ ಒಂಬತ್ತನೇ ಸ್ಥಾನ. ಇದರಲ್ಲೊಂದು ನೋಂದಣಿ ಕಚೇರಿಯ ದೃಶ್ಯವಿದೆ. ಒಂದು ಜೋಡಿ ಮದುವೆ ಬರೆಸುತ್ತದೆ, ಅದೇ ಕಚೇರಿಯಲ್ಲಿ ಇನ್ನೊಂದು ಜೋಡಿ ವಿಚ್ಛೇದನ ಬರೆಸುತ್ತದೆ. ಕೆಲವೇ ಕ್ಷಣ. ವೇಗದ ಕೌಶಲವೆಂದು ಹೊಗಳಿ ಮುಂದೆ ಹೋಗುವವರಿಗೆ ಇದು ಇಷ್ಟೇ. ಆದರೆ ಗಂಡ ಹೆಂಡಿರಲ್ಲಿ ಒಬ್ಬರು ಬೇಡವೆಂದರೂ ಕಾಗದದ ಮೇಲೆ ಬಿಡುಗಡೆ ಸಿಗುತ್ತಿದ್ದ ಕಾಲವದು. ಅದರಿಂದ ಉಸಿರಾಡಿದ ಹೆಂಗಸರೂ ಇದ್ದರು, ಮಕ್ಕಳೊಂದಿಗೆ ಬೀದಿಗೆ ಬಿದ್ದವರೂ ಇದ್ದರು. 1936ರಲ್ಲಿ ಸರ್ಕಾರ ಆ ಬಾಗಿಲನ್ನು ಮತ್ತೆ ಬಿಗಿ ಮಾಡಿತು, ಗರ್ಭಪಾತವನ್ನೂ ನಿಷೇಧಿಸಿತು. ಏಳು ವರ್ಷ ತಡವಾಗಿದ್ದರೆ ಈ ದೃಶ್ಯ ಇಷ್ಟು ನಿರಾಳವಾಗಿ ಇರುತ್ತಿತ್ತೇ?

ಅದೇ ಚಿತ್ರದ ನಡುವೆ ಓಟವೆಲ್ಲ ತಟ್ಟನೆ ನಿಲ್ಲುತ್ತದೆ. ಒಬ್ಬ ಹೆಂಗಸು ಮೇಜಿನ ಮುಂದೆ ಕೂತು ಫಿಲ್ಮಿನ ಪಟ್ಟಿಗಳನ್ನು ಕತ್ತರಿಸಿ ಜೋಡಿಸುತ್ತಿದ್ದಾಳೆ. ಅವಳ ಕೈಯಲ್ಲಿ ನಿಶ್ಚಲವಾಗಿದ್ದ ಮಗುವಿನ ಮುಖ ಮರುಕ್ಷಣ ತೆರೆಯ ಮೇಲೆ ನಗುತ್ತದೆ. ಆಕೆ ಎಲಿಜವೇಟಾ ಸ್ವಿಲೋವಾ, ಚಿತ್ರದ ಸಂಕಲನ ಮಾಡಿದವರು, ವೆರ್ಟೊವ್ ಅವರ ಹೆಂಡತಿ. ಎರಡು ತುಣುಕುಗಳನ್ನು ಜೋಡಿಸುವುದರಲ್ಲೇ ಇಡೀ ಜಾದೂ ಇರುವ ಚಿತ್ರವಿದು. ಆದರೂ ಶೀರ್ಷಿಕೆಯಲ್ಲಿ ಆಕೆ ಸಂಕಲನದ ಸಹಾಯಕಿ. ಚಿತ್ರದ ಹೆಸರಿನಲ್ಲಿರುವ ಮನುಷ್ಯನನ್ನು ಎಲ್ಲರೂ ಬಲ್ಲರು, ಕತ್ತರಿ ಹಿಡಿದ ಹೆಂಗಸನ್ನು ಹೆಸರಿಟ್ಟು ಕರೆಯುವವರು ಕಡಿಮೆ. 1954ರಲ್ಲಿ ಗಂಡ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳನ್ನು ಕಾಪಾಡಿದವರೂ ಈಕೆಯೇ. ಹಿನ್ನೆಲೆ ಬೇಡ, ಬರೀ ತೆರೆಯ ಮೇಲಿರುವುದನ್ನು ನೋಡಿ ಎನ್ನುವವರನ್ನು ಕೇಳಬೇಕು: ತೆರೆಯ ಮೇಲೆಯೇ ಇದ್ದ ಈ ಹೆಂಗಸು ನಿಮಗೆ ಇಷ್ಟು ದಿನ ಏಕೆ ಕಾಣಲಿಲ್ಲ?

ಚರಿತ್ರೆ ಎಂದರೆ ಒಂದು ಗಂಟೆಯ ಪಾಠ ಕೊರೆದು ಆಮೇಲೆ ಚಿತ್ರ ತೋರಿಸಿ ಎಂದಲ್ಲ. ಅದು ಇನ್ನೊಂದು ಶಿಕ್ಷೆ. ಹತ್ತು ನಿಮಿಷ ಸಾಕು. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಜಗತ್ತಿನ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟು ಅವುಗಳ ಬಗ್ಗೆ ಕನ್ನಡದಲ್ಲೇ ಮಾತಾಡಿ ತೋರಿಸಿದೆ. ಅಡಿಕೆ ಸುಲಿಯುವ ಕೈಗಳಿಗೆ ಸಿನಿಮಾ ಅರ್ಥವಾಗುವುದಿಲ್ಲ ಎಂಬ ಭ್ರಮೆ ಅಲ್ಲಿ ಯಾರಿಗೂ ಇರಲಿಲ್ಲ. ಪೇಟೆಯ ಸಭಾಂಗಣಗಳಿಗೆ ಏಕೆ ಇಷ್ಟು ಬಿಗುಮಾನ?

ಆದ್ದರಿಂದ ಅಕ್ಕತಂಗಿಯರೇ, ಇಂಥ ಚಿತ್ರ ತೋರಿಸುವ ಕಡೆ ಹೋದಾಗ ನಾಲ್ಕು ಪ್ರಶ್ನೆ ಕೇಳೋಣ. ಇದು ಯಾವ ವರ್ಷದ್ದು, ಆಗ ಆ ದೇಶದಲ್ಲಿ ಹೆಂಗಸರ ಮೇಲೆ ಯಾವ ಕಾಯಿದೆ ಇತ್ತು? ಆಗಿನ ಪ್ರೇಕ್ಷಕರು ಇದನ್ನು ಹೇಗೆ, ಯಾವ ದನಿಯ ಜೊತೆ ನೋಡಿದರು? ಈ ಪ್ರತಿಯಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ? ಕ್ಯಾಮೆರಾ ಹಿಡಿದವರ ಜೊತೆ ಕತ್ತರಿ ಹಿಡಿದವರು ಯಾರು? ಮುಂದಿನ ಸಾಲಿನವರು ನಕ್ಕರೆ ನಗಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಲಿ, ಅದರಲ್ಲಿ ಅವಮಾನವೇನಿಲ್ಲ. ಪ್ರಶ್ನೆಯೇ ತಪ್ಪು ಎಂದರೆ ಮಾತ್ರ ಕೂರಬಾರದು. ಉತ್ತರ ಬರುವವರೆಗೆ ನಿಂತೇ ಇರಬೇಕು.